ಕೊಂದವನಿಗೆ ಬಹುವಚನ

ಸಂಪಾದಕರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದರು. ಅದು ಅರ್ಧಕ್ಕೆ ಮುರಿದು ಕಪ್ಪಿನೊಳಗೆ ಬಿತ್ತು. ಎರಡು ಬೆರಳು ಹಾಕಿ ತಡಕಾಡಿ, ಆ ಮೆತ್ತನೆಯ ಮುದ್ದೆಯನ್ನು ಮೇಲೆತ್ತಿ ಬಾಯಿಗಿಟ್ಟುಕೊಂಡರು. ಆಮೇಲೆ ಬೆರಳು ಚೀಪಿದರು.

“ತುಂಬಲಾರದ ನಷ್ಟ ಮೇಡಂ,” ಎಂದರು. ಒಂದು ಬೆರಳು ಇನ್ನೂ ಬಾಯಲ್ಲೇ ಇತ್ತು.

ಕೊಳೆತ ಹೆಣದ ಪಕ್ಕ ನಿಂತು ಬುತ್ತಿ ಬಿಚ್ಚಿ ಉಂಡವಳು ನಾನು. ಆದರೆ ದುಃಖವನ್ನೂ ಬಿಸ್ಕತ್ತನ್ನೂ ಒಟ್ಟಿಗೆ ಅಗಿಯುವ ಬಾಯಿಯನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ.

ಹಿಂದಿನ ದಿನ ಬೆಳಗ್ಗೆ ಇದೇ ಪತ್ರಿಕಾ ಕಚೇರಿಯ ಹಿಂದಿನ ಕೋಣೆಯಲ್ಲಿ, ಆಯಾ ತಾರೀಖಿನ ಹಳೆಯ ಹುಟ್ಟು ಸಾವುಗಳನ್ನು ಹೇಳುವ ‘ಈ ದಿನ, ಹಿಂದೆ’ ಅಂಕಣ ಬರೆಯುತ್ತಿದ್ದ ಹಿರಿಯರು ಕುರ್ಚಿಯಲ್ಲೇ ಸತ್ತು ಸಿಕ್ಕಿದ್ದರು. ಮೇಜಿನ ಮೇಲೆ ಅವರ ತಮ್ಮನ ಮಗಳು ಮನೆಯಿಂದ ತಂದ ಹಾಲಿನ ಫ್ಲಾಸ್ಕು, ಹಾಲಿನಲ್ಲಿ ಇಲಿ ಪಾಷಾಣ. ಹುಡುಗಿ ನಮ್ಮ ಠಾಣೆಯ ಬೆಂಚಿನ ಮೇಲಿದ್ದಳು. ಸಂಜೆ ಕೋರ್ಟು ಮುಚ್ಚುವುದರೊಳಗೆ ಅವಳನ್ನು ಕೊಲೆಗಾತಿಯೆಂದು ಒಪ್ಪಿಸಿ ಕೈತೊಳೆದುಕೊಳ್ಳಬೇಕೆಂದು ನಮ್ಮ ಸಾಹೇಬರು ಹಟ ಹಿಡಿದಿದ್ದರು.

“ಮುಂದಿನ ವರ್ಷ ಅವರು ತೀರಿಕೊಂಡ ತಾರೀಖಿಗೆ ಅವರದೇ ಒಂದು ಸಾಲು ಹಾಕ್ತೀವಿ,” ಸಂಪಾದಕರು ಹೇಳಿದರು. “ಅವರ ಅಂಕಣದಲ್ಲೇ. ಹಡಗಿನ ಕೆಳಗೆ.”

“ಯಾವ ಹಡಗು?”

“ಅದೇ, ಮುಳುಗೋದೇ ಇಲ್ಲ ಅಂತ ಜಂಬ ಕೊಚ್ಚಿಕೊಂಡು ಮೊದಲನೇ ಸಲಕ್ಕೇ ಮುಳುಗ್ತಲ್ಲ, ಅದು. ಏಪ್ರಿಲ್ ಹದಿನೈದು. ಭಾರಿ ತಾರೀಖು ಮೇಡಂ ಅದು.” ಅವರು ಮುಂದಕ್ಕೆ ಬಾಗಿದರು. ದನಿ ತಗ್ಗಿತು. “ನಿಮ್ಮ ಡಾಕ್ಟ್ರಿಗೆ ಒಂದು ಮಾತು ಹೇಳ್ತೀರಾ? ಸತ್ತಿದ್ದು ಹದಿನಾಲ್ಕಾ, ಹದಿನೈದಾ ಅಂತ ಅನುಮಾನ ಇದ್ರೆ ಹದಿನೈದೇ ಬರೀಲಿ. ಆ ದೊಡ್ಡವರ ಸಾಲಲ್ಲಿ ಚೆನ್ನಾಗಿ ಕೂರುತ್ತೆ.”

ಥೂ. ಸತ್ತ ಮನುಷ್ಯನನ್ನು ಪುಟದಲ್ಲಿ ಎಲ್ಲಿ ತುರುಕಿದರೆ ಚಂದ ಎಂದು ನೋಡುವ ಕಣ್ಣದು.

ನಾನು ಚೀಲದಿಂದ ಎರಡು ಪತ್ರಿಕೆಗಳನ್ನು ತೆಗೆದು ಮೇಜಿನ ಮೇಲೆ ಹಾಸಿದೆ. ಎರಡೂ ಅವರದೇ ಪತ್ರಿಕೆ, ಎರಡೂ ಏಪ್ರಿಲ್ ಹದಿನೈದರವು. ಒಂದು ಠಾಣೆಗೆ ಬರುವ ನಗರದ ಪ್ರತಿ. ಇನ್ನೊಂದಕ್ಕೆ ಎಣ್ಣೆಯ ಕಲೆ, ಈರುಳ್ಳಿಯ ವಾಸನೆ. ನಮ್ಮ ದಫೇದಾರ, ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವವನು, ದಿನಾ ಬಸ್ಸಿನಲ್ಲಿ ಪಕ್ಕದೂರಿನಿಂದ ಬರುತ್ತಾನೆ. ಅವನ ಹೆಂಡತಿ ಬುತ್ತಿ ಸುತ್ತಿ ಕೊಟ್ಟಿದ್ದು ಹೊರ ಊರಿನ ಪ್ರತಿಯಲ್ಲಿ. ಮಧ್ಯಾಹ್ನ ಅವನು ಉಣ್ಣುತ್ತಿದ್ದಾಗ ನನ್ನ ಕಣ್ಣು ಸುಮ್ಮನೆ ಆ ಅಂಕಣದ ಮೇಲೆ ಬಿದ್ದಿತ್ತು. ಅವನ ಎದುರಿನಿಂದ ಹಾಳೆ ಕಸಿದುಕೊಂಡೆ. ಪಾಪ, ಪಲ್ಯ ಬೆಂಚಿನ ಪಾಲಾಯಿತು.

ಹೊರ ಊರಿನ ಪ್ರತಿ ಮೊದಲು ಅಚ್ಚಾಗುತ್ತದೆ, ದೂರ ಹೋಗಬೇಕಲ್ಲ. ನಗರದ್ದು ಆಮೇಲೆ. ಕರಡು ತಿದ್ದುವ ಕೆಲಸದಲ್ಲಿದ್ದ ಹುಡುಗಿ ಮೊದಲನೆಯದು ಮುಗಿಯುತ್ತಲೇ ದೊಡ್ಡಪ್ಪನಿಗೆ ಹಾಲು ಬಗ್ಗಿಸಿ ಕೊಟ್ಟು ಮನೆಗೆ ಹೊರಟಳು. ಅವರು ಅವಳ ಎದುರಿಗೇ ಕುಡಿದದ್ದನ್ನು ಕ್ಯಾಂಟೀನಿನವನು ಕಂಡಿದ್ದಾನೆ. ಕುಡಿದ ಮೇಲೆ ಹೆಚ್ಚು ಹೊತ್ತು ಬದುಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸಾಹೇಬರಿಗೆ ಅಷ್ಟು ಸಾಕಾಗಿತ್ತು.

“ಈ ಕೊನೇ ಸಾಲು ನೋಡಿ,” ಎಂದೆ.

ಹೊರ ಊರಿನ ಪ್ರತಿಯಲ್ಲಿ ಹೀಗಿತ್ತು: ‘ನಮ್ಮೂರಿನ ನೂಲಿನ ಗಿರಣಿಗೆ ಬೆಂಕಿ, ಒಳಗಿದ್ದ ಹೆಣ್ಣಾಳುಗಳ ಸಾವು. ಮಾಲೀಕ ತಾನೇ ಬಂದು ಬೀಗ ತೆಗೆದ.’

ನಗರದ ಪ್ರತಿಯಲ್ಲಿ: ‘ಮಾಲೀಕರು ತಾವೇ ಬಂದು ಬೀಗ ತೆಗೆದರು.’

ಸಂಪಾದಕರ ತಲೆಯ ಮೇಲೆ ಗೋಡೆಯಲ್ಲಿ ಆ ಮಾಲೀಕರ ಬಣ್ಣದ ಚಿತ್ರವಿತ್ತು. ಗಿರಣಿ ಸುಟ್ಟುಹೋದ ಮೇಲೆ ಅವರು ಪತ್ರಿಕೆ ಕೊಂಡರು. ಅಂದಿನಿಂದ ವರ್ಷಕ್ಕೊಮ್ಮೆ, ಚಿತ್ರಕಾರರ ಹುಟ್ಟು, ಅಧ್ಯಕ್ಷರ ಸಾವು, ಹಡಗಿನ ಮುಳುಗಡೆಗಳ ಸಾಲಿನಲ್ಲಿ ಅವರ ಸಾಹಸವೂ ತಪ್ಪದೆ ಬರುತ್ತಿತ್ತು. ಬೀಗ ತೆಗೆದ ಪುಣ್ಯಾತ್ಮ. ಹೊರಗಿನಿಂದ ಬೀಗ ಜಡಿದಿದ್ದು ಯಾರೆಂದು ಯಾವ ವರ್ಷವೂ ಬಂದಿರಲಿಲ್ಲ.

“ಓ, ಅದಾ!” ಸಂಪಾದಕರು ನಕ್ಕರು. ಹಲ್ಲಿನ ಸಂದಿಯಲ್ಲಿ ಬಿಸ್ಕತ್ತು ಅಂಟಿತ್ತು. “ಕೈತಪ್ಪು. ಯಜಮಾನರಿಗೆ ಏಕವಚನ ಹಾಕ್ಬಿಟ್ಟಿದ್ರು. ವಯಸ್ಸಾಗಿತ್ತಲ್ಲ. ಪುಣ್ಯಕ್ಕೆ ನನ್ನ ಕಣ್ಣಿಗೆ ಬಿತ್ತು. ಇಲ್ಲೇ ಕೂತು ತಿದ್ದಿ ಅಚ್ಚಿಗೆ ಕಳಿಸ್ದೆ.”

“ಅವರನ್ನ ಕೇಳಲಿಲ್ವಾ?”

“ಒಂದು ‘ರು’ಗೆ ಕೇಳೋದೇನು? ಅಲ್ಲದೆ ಆ ಕೋಣೆಗೆ ನಾನು ಕಾಲಿಡಲ್ಲ ಮೇಡಂ. ನೀವೂ ನೋಡಿದ್ದೀರಲ್ಲ.”

ನೋಡಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ. ಹಳೆಯ ಪತ್ರಿಕೆಗಳ ಅಟ್ಟಿಗಳು, ಅವುಗಳ ನಡುವೆ ಇಲಿ ಹಿಕ್ಕೆ, ಹುಳಿ ನಾತ ಹೊಡೆಯುವ ಗೋಂದಿನ ಡಬ್ಬಿ. ಪಕ್ಕದಲ್ಲೇ ಹಂಚಿನ ಚೂರಿನ ಮೇಲೆ ಪಾಷಾಣ ಕಲಸಿದ ಬ್ರೆಡ್ಡಿನ ತುಂಡುಗಳು. ಗೋಂದಿನ ಬದಲು ಅದಕ್ಕೇ ಕೈ ಹಾಕಿದರೂ ಗೊತ್ತಾಗದಂಥ ಕೊಳಕು. ಇಡೀ ಜಗತ್ತಿನ ಹುಟ್ಟು ಸಾವುಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತಿದ್ದ ಮನುಷ್ಯನಿಗೆ ಈ ಕಚೇರಿ ಕೊಟ್ಟ ಜಾಗ ಅದು.

“ಕೈತಪ್ಪು ಅಂತ ನಿಮಗೆ ಖಾತ್ರಿ ಇದೆಯಾ?” ಕೇಳಿದೆ. “ಅವರ ಕಟ್ಟಳೆ ನಿಮಗೆ ಗೊತ್ತಿರಬೇಕಲ್ಲ.”

ಅವರು ಕಪ್ಪನ್ನು ಕೆಳಗಿಟ್ಟರು.

ಕಟ್ಟಳೆಯನ್ನು ಬೆಳಗ್ಗೆ ಹುಡುಗಿ ನನಗೆ ಹೇಳಿದ್ದಳು. ದೊಡ್ಡಪ್ಪನ ಅಂಕಣದಲ್ಲಿ ರಾಜನಿಗೂ ‘ಅವರು’, ದರ್ಜಿಗೂ ‘ಅವರು’. ಸೋತವರಿಗೆ, ಗೆದ್ದವರಿಗೆ, ಹುಚ್ಚರಿಗೆ, ಎಲ್ಲರಿಗೂ ಬಹುವಚನ. ಕೊಂದವನಿಗೆ ಮಾತ್ರ ಇಲ್ಲ. ಕೊಂದವನು ಬಂದ, ಹೊಡೆದ, ಓಡಿದ. ಮೊನ್ನೆ ಕರಡಿನಲ್ಲಿ ಗಿರಣಿ ಮಾಲೀಕರ ‘ರು’ ಇಲ್ಲದ್ದನ್ನು ಅವಳೇ ತೋರಿಸಿದ್ದಳಂತೆ. “ಬಿಡು ಮಗಳೇ, ಅದು ಕೈತಪ್ಪಿದ್ದಲ್ಲ” ಎಂದಿದ್ದರಂತೆ ದೊಡ್ಡಪ್ಪ.

ಅಂದರೆ ಇಷ್ಟು ವರ್ಷ ಬರೆದ ಸಾಲನ್ನೇ ಬರೆದು, ಒಂದು ‘ರು’ ಕಳಚಿ, ಆ ಹಿರಿಯರು ಊರಿಗೆಲ್ಲ ಹೇಳಿದ್ದರು: ಈ ಮನುಷ್ಯ ಕೊಲೆಗಾರ. ಊರಿಗೆ ಅರ್ಥವಾಗಲಿಲ್ಲ. ಕಟ್ಟಳೆ ಗೊತ್ತಿದ್ದವರಿಗೆ ಆಯಿತು. ಈ ವರ್ಷವೇ ಯಾಕೆ ಹೇಳಿದರು ಎನ್ನುವುದು ಬೇರೆ ಪ್ರಶ್ನೆ. ನನಗಿನ್ನೂ ಉತ್ತರ ಸಿಕ್ಕಿಲ್ಲ.

“ಗೊತ್ತು,” ಎಂದರು ಸಂಪಾದಕರು. “ಗೊತ್ತಿಲ್ಲದೆ ಏನು? ಅವರ ಕೈಕೆಳಗೇ ಕಲಿತವನು ನಾನು. ಹೊಸದಾಗಿ ಸೇರಿದಾಗ ಒಬ್ಬ ವಿಷ ಹಾಕಿದವನಿಗೆ ‘ಅವರು’ ಅಂತ ಬರೆದಿದ್ದೆ. ಹಾಳೇನ ಮುದ್ದೆ ಮಾಡಿ ನನ್ನ ಮುಖಕ್ಕೆ ಎಸೆದ್ರು. ‘ಯಾಕೋ, ಇವನೇನು ನಿನಗೆ ಹೆಣ್ಣು ಕೊಟ್ಟ ಮಾವನಾ?’ ಅಂದ್ರು. ಎಲ್ಲರೂ ನಕ್ಕಿದ್ರು.”

“ಆಮೇಲೆ?”

“ಆಮೇಲೆ ಏನು? ಆವತ್ತಿಂದ ಇವತ್ತಿನವರೆಗೆ ನನ್ನ ಕೈಯಿಂದ ಒಬ್ಬ ಕೊಲೆಗಾರನಿಗೂ ಬಹುವಚನ ಬಿದ್ದಿಲ್ಲ. ಬೇರೆ ವಿಷಯದಲ್ಲಿ ನನ್ನನ್ನ ಏನು ಬೇಕಾದ್ರೂ ಅನ್ನಿ. ಭಾಷೆ ವಿಷಯದಲ್ಲಿ ಒಂದು ಬೆರಳು ತೋರಿಸೋಕೆ ಆಗಲ್ಲ ಯಾರಿಗೂ.”

ಹೇಳುವಾಗ ಎದೆ ಉಬ್ಬಿತು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ. ಈತನ ಮೂಗು ಎಲ್ಲಿದೆಯೆಂದು ನನಗೀಗ ತಿಳಿಯಿತು.

“ಹಾಗಾದ್ರೆ ನೀವು ತಿದ್ದಿ ಕಳಿಸಿದ್ದನ್ನ ಒಂದ್ಸಲ ಓದಿ. ಮೇಲಿಂದ. ಗಟ್ಟಿಯಾಗಿ.”

ಅವರು ಕನ್ನಡಕ ಏರಿಸಿ ನಗರದ ಪ್ರತಿಯನ್ನು ಎತ್ತಿಕೊಂಡರು. ಓದುವ ದನಿ ಚೆನ್ನಾಗಿತ್ತು, ಅದನ್ನು ಒಪ್ಪಬೇಕು.

“‘ನಗುತ್ತಿದ್ದಾಳೋ ಇಲ್ಲವೋ ಎಂದು ಜಗತ್ತೇ ತಲೆ ಕೆಡಿಸಿಕೊಂಡ ಹೆಣ್ಣಿನ ಚಿತ್ರ ಬರೆದ ಕಲಾವಿದರು ಜನಿಸಿದರು.’ ಸರಿ ಇದೆ. ‘ಹಿಂದಿನ ರಾತ್ರಿ ನಾಟಕ ನೋಡುತ್ತಿದ್ದ ಅಧ್ಯಕ್ಷರಿಗೆ ನಟರೊಬ್ಬರು…’”

ನಿಲ್ಲಿಸಿದರು.

“ಮುಂದೆ ಓದಿ.”

“‘…ನಟರೊಬ್ಬರು ಗುಂಡು ಹೊಡೆದರು, ಅಧ್ಯಕ್ಷರು ಬೆಳಗ್ಗೆ ತೀರಿಕೊಂಡರು.’”

ಅವರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿ ನೋಡಿದರು. ಅಕ್ಷರ ಹಾಗೇ ಇತ್ತು. ಹೊರ ಊರಿನ ಪ್ರತಿಗೆ ಕೈ ಚಾಚಿದರು. ಅಲ್ಲಿ ‘ನಟನೊಬ್ಬ ಗುಂಡು ಹೊಡೆದ’ ಎಂದೇ ಇತ್ತು.

“ಕೊಲೆಗಾರನಿಗೆ ‘ರು’ ಹಾಕಿದ್ದೀರಿ,” ಎಂದೆ. “ನಿಮಗೇನು ಮಾವನಾ?”

“ಇದು ನಂದಲ್ಲ!”

“ನಾನೇ ತಿದ್ದಿದ್ದು ಅಂದ್ರಲ್ಲ.”

“ಕೆಳಗಿನ ಸಾಲು ನಂದು. ಇದು ನಂದಲ್ಲ ಮೇಡಂ, ನನ್ನ ಮಕ್ಕಳಾಣೆ ನಂದಲ್ಲ! ಅಯ್ಯೋ, ನಗರದ ಪ್ರತೀಲಿ ಹೋಗಿಬಿಟ್ಟಿದೆ. ಎಷ್ಟು ಜನ ಓದಿರ್ತಾರೆ? ನನ್ನ ಬಗ್ಗೆ ಏನಂದ್ಕೊಂಡಿರ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ.”

ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅಕ್ಷರ ಕಲಿಸಿದ ಗುರು ಇಲಿ ಪಾಷಾಣ ಕುಡಿದು ಸತ್ತದ್ದಕ್ಕೆ ಬಾರದ ನೀರು, ಒಂದು ‘ರು’ಗೆ ಬಂತು. ಎದ್ದು ಹೋಗಿ ಕಿಟಕಿಯಿಂದ ಹೊರಗೆ ಉಗಿಯಬೇಕೆನಿಸಿತು. ಹೇಸಿಗೆಯಾದರೂ ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ಹುಡುಗಿಯನ್ನು ಉಳಿಸುವ ದಾರಿ ನನಗೆ ಆ ‘ರು’ವಿನಲ್ಲಿ ಕಂಡಿತ್ತು.

“ಇದು ಹಿರಿಯರ ಕೆಲಸ,” ಎಂದೆ. ತಡೆಯಲಾಗದೆ ಎಲ್ಲವನ್ನೂ ಒದರಿಬಿಟ್ಟೆ. “ನೀವು ನಿಮ್ಮ ಯಜಮಾನರಿಗೆ ಬಹುವಚನ ಸೇರಿಸಿದ್ದನ್ನ ಅವರು ನೋಡಿದ್ದಾರೆ. ‘ಇವನಿಗೆ ಮರ್ಯಾದೆ ಕೊಡೋದಾದ್ರೆ ಆ ಗುಂಡು ಹೊಡೆದವನೇನು ಪಾಪ ಮಾಡಿದ್ದ, ಅವನಿಗೂ ಕೊಡಿ’ ಅಂತ ಇಲ್ಲೂ ಹಾಕಿದ್ದಾರೆ. ಇಂಥ ಕುಚೋದ್ಯ ಬೇರೆ ಯಾರಿಗೂ ಹೊಳೆಯಲ್ಲ. ಅಂದ್ರೆ ನಗರದ ಪ್ರತಿ ಅಚ್ಚಿಗೆ ಹೋಗೋವಾಗ ಅವರು ಬದುಕಿದ್ರು. ಹುಡುಗಿ ಕೊಟ್ಟ ಹಾಲು ಕುಡಿದ ಎಷ್ಟೋ ಹೊತ್ತಿನ ಮೇಲೂ ಬದುಕಿದ್ರು. ಹೌದೋ ಅಲ್ವೋ?”

ಸಂಪಾದಕರು ನನ್ನನ್ನೇ ನೋಡಿದರು. ಕಣ್ಣೀರು ನಿಂತಿತು. ಕರವಸ್ತ್ರ ತೆಗೆದು ಮೂಗು ಸೀಟಿ, ಅದನ್ನು ಬಿಚ್ಚಿ ನೋಡಿ, ಮಡಿಸಿ ಜೇಬಿಗಿಟ್ಟುಕೊಂಡರು.

“ಅವರೇ ಇರಬೇಕು,” ಎಂದರು ನಿಧಾನಕ್ಕೆ.

“ಇರಬೇಕಾ, ಇದ್ರಾ?”

“ಅವರೇ. ಹೌದು, ಈಗ ನೆನಪಾಗ್ತಿದೆ. ಅಚ್ಚಿಗೆ ಕಳಿಸೋ ಮುಂಚೆ ಒಂದು ಮಾತು ಹೇಳೋಣ ಅಂತ ನಾನೇ ತಗೊಂಡು ಹೋಗಿದ್ದೆ. ಬಾಗಿಲ ಹತ್ರಾನೇ ನಿಂತೆ, ಒಳಗೆ ಹೋಗಲಿಲ್ಲ. ಬೈಕೊಂಡು ಬೈಕೊಂಡು ಏನೋ ಗೀಚಿದ್ರು. ಅದೇ ಇದು. ಕಣ್ಣಾರೆ ನೋಡಿದೆ.”

“ಹುಡುಗಿ ಆಗ ಅಲ್ಲಿದ್ಲಾ?”

“ಎಲ್ಲಿ? ಅವಳು ಯಾವಾಗ್ಲೋ ಹೋಗಿದ್ಲು. ಪಾಪದ ಹುಡುಗಿ ಮೇಡಂ, ಬಿಟ್ಟುಬಿಡಿ.”

ಇದುವರೆಗೆ ಒಮ್ಮೆಯೂ ‘ಪಾಪ’ ಎನ್ನದಿದ್ದ ಬಾಯಿ ಅದು. ಆದರೂ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕೋಣೆಗೆ ಕಾಲಿಡುವುದಿಲ್ಲ ಎಂದವರು ಬಾಗಿಲ ತನಕ ಹೋದದ್ದು ಹೇಗೆ ಎಂದು ಕೇಳಿದೆ; “ಬಾಗಿಲು ಅಂದ್ರೆ ಕೋಣೆನಾ?” ಎಂದರು. ಒಪ್ಪಿಕೊಂಡುಬಿಟ್ಟೆ. ತಿದ್ದಿದ ಹಾಳೆ ಎಲ್ಲಿ ಎಂದೆ; ಅವೆಲ್ಲ ಮರುದಿನವೇ ರದ್ದಿಗೆ ಹೋಗುತ್ತವೆ ಎಂದರು. ಅದು ನಿಜವೇ. ನಾನೇ ವಿಚಾರಿಸಿದ್ದೆ.

ಹೇಳಿದ್ದನ್ನೆಲ್ಲ ಬರೆಸಿ, ಅವರ ಸಹಿ ಹಾಕಿಸಿಕೊಂಡು ಎದ್ದೆ. ಅವರು ಗಂಟೆ ಬಾರಿಸಿ ಇನ್ನೊಂದು ಚಹಾ ಹೇಳಿದರು.

ಠಾಣೆಯ ಮೆಟ್ಟಿಲನ್ನು ನಾನು ಹತ್ತಿದ್ದಲ್ಲ, ಹಾರಿದ್ದು. ಅಂಗಳದಲ್ಲಿ ಜೀಪು ಆಗಲೇ ಸಿದ್ಧವಾಗಿತ್ತು. ಮೀಸೆ ಬಾಗಿಲಲ್ಲಿ ನಿಂತು ಹಲ್ಲಿನಿಂದ ಏನನ್ನೋ ಕೀಳುತ್ತಿದ್ದ.

“ಸಾಹೇಬ್ರು ಎರಡು ಸಲ ಕೇಳಿದ್ರು ಮೇಡಂ.”

“ಅವರಿಗೆ ಹೇಳು, ಹುಡುಗಿ ಕೋರ್ಟಿಗೆ ಹೋಗಲ್ಲ. ಮನೆಗೆ ಹೋಗ್ತಾಳೆ.”

ಹುಡುಗಿ ಬೆಂಚಿನ ತುದಿಯಲ್ಲಿ ಮೊಣಕಾಲು ಜೋಡಿಸಿ ಕುಳಿತಿದ್ದಳು. ಎರಡು ದಿನದಿಂದ ಅದೇ ಬಟ್ಟೆ. ಯಾರೋ ಕೊಟ್ಟ ಬನ್ನು ಕೈಯಲ್ಲಿ ಹಾಗೇ ಇತ್ತು, ಅದರ ಮೇಲೆ ನೊಣ. ನಾನು ಅವಳ ಪಕ್ಕ ಕುಳಿತು ಬನ್ನು ಕಿತ್ತು ಎಸೆದೆ.

“ನೀನು ಬದುಕಿಕೊಂಡೆ ಕಣೇ,” ಎಂದೆ. “ನಿನ್ನ ದೊಡ್ಡಪ್ಪನೇ ನಿನ್ನನ್ನ ಬಿಡಿಸಿಕೊಂಡ್ರು.”

ಎಲ್ಲ ಹೇಳಿದೆ. ಮಾಲೀಕರ ‘ರು’, ನಟನ ‘ರು’, ಸಂಪಾದಕರ ಕಣ್ಣೀರು, ಸಹಿ. ಹೇಳುತ್ತ ಹೇಳುತ್ತ ನನಗೇ ನಗು ಬಂತು. ಅವಳು ನಗಲಿಲ್ಲ.

“ಸಂಪಾದಕರು ನೋಡಿದ್ರಂತಾ?” ಎಂದಳು. “ದೊಡ್ಡಪ್ಪ ಅದನ್ನ ಬರೆಯೋದನ್ನ?”

“ಕಣ್ಣಾರೆ.”

ಅವಳು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದಳು.

“ಹೆಂಗೆ ನೋಡ್ತಾರೆ ಅಕ್ಕಾ? ಆ ಕೊಲೆಗಾರನಿಗೆ ‘ರು’ ಹಾಕಿದ್ದು ನಾನು.”

ಹೊರಗೆ ಮೀಸೆ ಯಾರೊಡನೆಯೋ ಜೋರಾಗಿ ಮಾತಾಡುತ್ತಿದ್ದ. ನಾನು ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದೆ.

“ಮನೆಗೆ ಹೋದೆ ಅಂದಿದ್ದೆಯಲ್ಲೇ?”

“ಹೋಗ್ತಾ ಇದ್ದೆ. ಅರ್ಧ ದಾರೀಲಿ ಮನಸ್ಸು ತಡೀದೆ ಎಷ್ಟೋ ಹೊತ್ತು ಬಸ್ ಸ್ಟಾಪಿನಲ್ಲೇ ಕೂತುಬಿಟ್ಟೆ. ಆ ಸಾಲು ಹಾಗೇ ಹೋದ್ರೆ ದೊಡ್ಡಪ್ಪನ್ನ ಕೆಲಸದಿಂದ ತೆಗೀತಾರೆ, ನಗರದ ಪ್ರತೀಲಾದ್ರೂ ಬೇಡ ಅಂತ ಕಾಲು ಹಿಡಿಯೋಣ ಅಂತ ವಾಪಸ್ಸು ಬಂದೆ. ದೊಡ್ಡಪ್ಪ ಕುರ್ಚೀಲಿ ಕೂತಿದ್ರು. ಬಾಯಿಂದ ನೊರೆ ಬಂದು ಅಂಗಿ ಮೇಲೆ ಒಣಗಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು.”

“ಆಗ್ಲೇ ಸತ್ತಿದ್ರಾ?”

“ಎದುರಿಗೆ ಕರಡು ಹಾಳೆ ಇತ್ತು ಅಕ್ಕಾ. ಮಾಲೀಕರ ಸಾಲಿಗೆ ಯಾರೋ ‘ರು’ ಸೇರಿಸಿದ್ರು. ಕೆಂಪು ಶಾಯಿ. ಸಂಪಾದಕರದ್ದು, ಅವರು ಬಿಟ್ರೆ ಕೆಂಪು ಶಾಯಿ ಯಾರೂ ಮುಟ್ಟಲ್ಲ. ಅದರ ಮೇಲೆ ನನ್ನ ಬೆರಳು ತಾಗ್ತು.” ಬಲಗೈ ಎತ್ತಿ ತೋರುಬೆರಳನ್ನು ತಾನೇ ನೋಡಿಕೊಂಡಳು. “ದೊಡ್ಡಪ್ಪ ತಣ್ಣಗಾಗಿದ್ರು. ಶಾಯಿ ಇನ್ನೂ ಹಸಿ ಇತ್ತು.”

ಸಹಿ ಮಾಡಿದ ಹಾಳೆಯನ್ನು ನಾನು ಮಡಚಿ ಹಿಡಿದೆ.

“ನಂಗೆ ಏನಾಯ್ತೋ ಗೊತ್ತಿಲ್ಲ. ಸತ್ತ ಮನುಷ್ಯನ ಮುಂದೆ ಕೂತು ಆ ಪಾಪಿಗೆ ಮರ್ಯಾದೆ ಹಚ್ಚಿದ್ದಾರಲ್ಲ ಅಂತ ಮೈ ಉರಿದುಹೋಯ್ತು. ನಿಮಗೆ ಬಹುವಚನ ಬೇಕಲ್ವಾ, ತಗೊಳ್ಳಿ, ಎಲ್ಲಾ ಕೊಲೆಗಾರರಿಗೂ ತಗೊಳ್ಳಿ ಅಂತ ದೊಡ್ಡಪ್ಪನ ಪೆನ್ನು ತಗೊಂಡು ನಟನಿಗೂ ಹಾಕ್ದೆ. ಅಚ್ಚಿನ ಕೋಣೆ ಕಿಂಡೀಲಿ ಇಟ್ಟು ಓಡಿಹೋದೆ.”

“ಕೂಗಬಾರದಿತ್ತಾ? ಯಾರನ್ನಾದ್ರೂ ಕರೀಬಾರದಿತ್ತಾ?”

“ಫ್ಲಾಸ್ಕು ನಂದು ಅಕ್ಕಾ. ಸಂಜೆಯಿಂದ ಆ ಮೇಜಿನ ಮೇಲೇ ಇತ್ತು, ಯಾರು ಏನು ಹಾಕಿದ್ರೋ. ಕೂಗಿದ್ರೆ ನನ್ನನ್ನೇ ಹಿಡೀತಿದ್ರು. ಕೂಗದಿದ್ದರೂ ಹಿಡಿದ್ರಲ್ಲ.”

ಕಣ್ಣ ಮುಂದೆ ಆ ಕೋಣೆಯೇ ಇತ್ತು. ಮುಳುಗುತ್ತಿದ್ದವನಿಗೆ ಹುಲ್ಲುಕಡ್ಡಿ ಎಸೆದವಳು ನಾನೇ. ‘ಅವರು ಬದುಕಿದ್ರು, ಹೌದೋ ಅಲ್ವೋ’ ಎಂದು ಕೇಳಿದ್ದು ನಾನು. ‘ಇರಬೇಕು’ ಎಂದದ್ದು ‘ನೋಡಿದೆ’ ಆಗುವುದನ್ನು ಕಣ್ಣೆದುರು ಕಂಡೂ ಖುಷಿಯಲ್ಲಿ ಬರೆಸಿಕೊಂಡೆ. ಆ ಸಂಪಾದಕ ಏನನ್ನೂ ನೋಡಿರಲಿಲ್ಲ. ಸತ್ತವರ ಎದುರಿಗೆ ಕೂತು ಕೆಂಪು ಶಾಯಿಯಲ್ಲಿ ತಿದ್ದಿದವನು, ಅವರು ಆಗ ಬದುಕಿದ್ದರೆಂದು ನನ್ನ ಬಾಯಿಂದಲೇ ಹೇಳಿಸಿಕೊಂಡು, ಸಹಿ ಹಾಕಿ, ಚಹಾ ತರಿಸಿಕೊಂಡ. ಅವನ ಮೇಲಿನ ಹೇಸಿಗೆಗಿಂತ ನನ್ನ ಮೇಲಿನ ಹೇಸಿಗೆ ದೊಡ್ಡದಾಯಿತು.

ಈ ಹುಡುಗಿಯ ಮಾತನ್ನು ನಂಬಿದರೆ ಅವನು ಸಿಕ್ಕಿಬೀಳುತ್ತಾನೆ. ಆದರೆ ಹಾಳೆ ರದ್ದಿಗೆ ಹೋಗಿದೆ, ಶಾಯಿ ಒಣಗಿದೆ. ಸತ್ತವರ ಪಕ್ಕ ತಾನಿದ್ದೆ, ಮುಚ್ಚಿಟ್ಟೆ, ಓಡಿಹೋದೆ ಎಂದು ಇವಳೇ ಹೇಳಿದರೆ ಸಾಹೇಬರಿಗೆ ಬೇರೆ ಸಾಕ್ಷಿಯೇ ಬೇಡ.

ಅವನ ಸುಳ್ಳನ್ನು ಇಟ್ಟುಕೊಂಡರೆ ಪಾಷಾಣ ಕೈತಪ್ಪಿ ಹಾಲಿಗೆ ಬಿತ್ತೆಂದಾಗಿ ಇವಳು ಈಗಲೇ ಮನೆಗೆ ಹೋಗುತ್ತಾಳೆ. ಅವನೂ ಹೋಗುತ್ತಾನೆ.

“ಅಕ್ಕಾ,” ಹುಡುಗಿ ನನ್ನ ತೋಳು ಹಿಡಿದಳು. “ನಾನು ಹೇಳಬಾರದಿತ್ತಾ?”

ಬಾಗಿಲು ದಡ್ಡನೆ ತೆರೆಯಿತು. ಮೀಸೆ ನಿಂತಿದ್ದ, ಅವನ ಹಿಂದೆ ಸಾಹೇಬರು. ಅವರ ಕಣ್ಣು ನನ್ನ ಕೈಯಲ್ಲಿದ್ದ ಸಹಿ ಮಾಡಿದ ಹಾಳೆಯ ಮೇಲಿತ್ತು.

“ಏನೋ ಹೇಳಿಕೆ ತಂದಿದ್ದೀರಂತೆ,” ಎಂದರು ಸಾಹೇಬರು, ಕೈ ಚಾಚಿ. “ಕೊಡಿ. ನಿಜ ಇದ್ರೆ ಈಗಲೇ ಬಿಟ್ಟುಬಿಡೋಣ.”